ಮೂಳೆಯನ್ನು ಸಾಕ್ಷಿಗೆ ಕರೆದವರು

ಡಿ. ಎನ್. ಝಾ ಅವರ ‘ದ ಮಿಥ್ ಆಫ್ ದ ಹೋಲಿ ಕೌ’ ನಮ್ಮ ಕೈಗೆ ಮೊದಲು ಬಂದದ್ದು ಜೆರಾಕ್ಸ್ ಹಾಳೆಗಳ ಕಟ್ಟಾಗಿ. 2001ರ ಆಗಸ್ಟ್‌ನಲ್ಲಿ ಅದನ್ನು ಅಚ್ಚು ಹಾಕಿಸಿದ್ದ ದೆಹಲಿಯ ಪ್ರಕಾಶಕರು ಬೆದರಿಕೆಗಳ ನಂತರ ಹಿಂದೆ ಸರಿದಿದ್ದರು. ಹೈದರಾಬಾದಿನ ನ್ಯಾಯಾಲಯವೊಂದು ಪ್ರಸಾರಕ್ಕೆ ತಡೆ ಕೊಟ್ಟಿತ್ತು. ಮರುವರ್ಷ ಲಂಡನ್ನಿನ ವರ್ಸೊ ಅದನ್ನು ಹೊರತಂದಿತು. ಆಗ ನಾವು ಧಾರವಾಡದಲ್ಲಿ ಓದುತ್ತಿದ್ದೆವು. ಅಂಚು ಕತ್ತರಿಸಿಹೋಗಿ ಅಡಿಟಿಪ್ಪಣಿಗಳು ಅರ್ಧಂಬರ್ಧ ಕಾಣುತ್ತಿದ್ದ ಆ ಕಟ್ಟು ಹಾಸ್ಟೆಲ್ಲಿನ ಕೋಣೆಯಿಂದ ಕೋಣೆಗೆ ಹೋಗುತ್ತಿತ್ತು. ಅದನ್ನು ಓದಿದ್ದಕ್ಕಿಂತ ಎತ್ತಿ ತೋರಿಸಿದ್ದೇ ಹೆಚ್ಚು ಎಂದು ಈಗ ಒಪ್ಪಿಕೊಳ್ಳಬೇಕು. ಚಹಾದಂಗಡಿಯಲ್ಲಿ ಯಾರಾದರೂ ಗೋವಿನ ಮಾತು ತೆಗೆದರೆ ಸಾಕು, ‘ನಿಮ್ಮ ಹಿರಿಯರೂ ತಿಂದಿದ್ದರು, ಪುಸ್ತಕದಲ್ಲಿದೆ’ ಎಂದು ಬಾಯಿ ಮುಚ್ಚಿಸುತ್ತಿದ್ದೆವು. 2010ರಲ್ಲಿ ಕರ್ನಾಟಕದ ವಿಧಾನಸಭೆಗೆ ಗೋಹತ್ಯೆ ನಿಷೇಧದ ಮಸೂದೆ ಬಂದಾಗಲೂ ನಮ್ಮ ಲೇಖನಗಳಲ್ಲಿ ಅದೇ ವಾದ ಇತ್ತು. 2020ರ ಡಿಸೆಂಬರಿನಲ್ಲಿ ಇನ್ನಷ್ಟು ಬಿಗಿಯಾದ ಮಸೂದೆ ಬಂದಾಗಲೂ ಅದೇ. ಹತ್ತು ವರ್ಷಗಳಲ್ಲಿ ನಮ್ಮ ವಾದ ಒಂದು ಗೇಣೂ ಮುಂದೆ ಹೋಗಿರಲಿಲ್ಲ.

ಆ ಪುಸ್ತಕವನ್ನು ಈಗ ಪೂರ್ತಿಯಾಗಿ, ಅಡಿಟಿಪ್ಪಣಿ ಸಮೇತ ಓದಿದ ಮೇಲೆ ಇದನ್ನು ಬರೆಯುತ್ತಿದ್ದೇವೆ. ಪಕ್ಕದಲ್ಲಿ ಇನ್ನೆರಡು ಪುಸ್ತಕಗಳನ್ನು ಇಟ್ಟುಕೊಂಡಿದ್ದೆವು. ಒಂದು, ರೇಮಂಡ್ ಆಲ್ಚಿನ್ 1963ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ನವಶಿಲಾಯುಗದ ದನಗಾಹಿಗಳ ಕುರಿತ ಗ್ರಂಥ. ಇನ್ನೊಂದು, 1971ರಲ್ಲಿ ಧಾರವಾಡದಲ್ಲಿ ಪ್ರಕಟವಾದ, ತುಂಗಭದ್ರಾ ಕಣಿವೆಯ ಪ್ರಾಗಿತಿಹಾಸದ ಬಗ್ಗೆ ಎಂ. ಎಸ್. ನಾಗರಾಜರಾವ್ ಬರೆದ ಗ್ರಂಥ. ಈ ಎರಡನೆಯದರಲ್ಲಿ ಡಾ. ಕೆ. ಆರ್. ಆಲೂರ ಎಂಬ ಪಶುವೈದ್ಯರು ಬರೆದ ಪ್ರಾಣಿಮೂಳೆಗಳ ವರದಿ ಇದೆ. ನಮ್ಮ ಪಾಲಿಗೆ ಆ ವರದಿಯೇ ಮುಖ್ಯ.

ಝಾ ದೊಡ್ಡ ವಿದ್ವಾಂಸರು. 2021ರಲ್ಲಿ ತೀರಿಕೊಂಡ ಅವರ ಧೈರ್ಯದ ಬಗ್ಗೆ ನಮ್ಮಲ್ಲಿ ಎರಡು ಮಾತಿಲ್ಲ. ಆದರೆ ಅವರ ಪುಸ್ತಕ ಬಹುಪಾಲು ಗ್ರಂಥಗಳ ಮೇಲೆ ನಿಂತಿದೆ. ವೇದ, ಬ್ರಾಹ್ಮಣ, ಧರ್ಮಸೂತ್ರ, ಬೌದ್ಧ ಮತ್ತು ಜೈನ ಗ್ರಂಥ, ಆಯುರ್ವೇದ ಎಲ್ಲವೂ ಸಾಲಾಗಿ ಬಂದು ಸಾಕ್ಷಿ ಹೇಳುತ್ತವೆ. ಮೂಳೆಗಳಿಗೆ ಸಿಕ್ಕಿರುವುದು ಹಿಂದಿನ ಬೆಂಚು. ಹಸ್ತಿನಾಪುರ, ಅತ್ರಂಜಿಖೇರಾಗಳ ಸುಟ್ಟ, ಕತ್ತಿಯ ಗೀರು ಬಿದ್ದ ಮೂಳೆಗಳು ಬರುತ್ತವೆ, ಸಂಸ್ಕೃತ ಪದವೊಂದಕ್ಕೆ ‘ಹೌದು, ಹೌದು’ ಎಂದು ತಲೆಯಾಡಿಸಿ ಹೋಗುತ್ತವೆ. ಆ ಹಸ್ತಿನಾಪುರದ ಮೂಳೆಗಳನ್ನು ಭೋಲಾನಾಥ್ ಎಂಬ ಪ್ರಾಣಿಶಾಸ್ತ್ರಜ್ಞರು ಪರೀಕ್ಷಿಸಿ ವರದಿ ಮಾಡಿದ್ದು 1950ರ ದಶಕದಲ್ಲಿ. ಡೆಕ್ಕನ್ ಕಾಲೇಜಿನ ಎಚ್. ಡಿ. ಸಾಂಕಲಿಯಾ 1967ರಲ್ಲಿಯೇ ‘ಸೆಮಿನಾರ್’ ಪತ್ರಿಕೆಯಲ್ಲಿ ಇತಿಹಾಸದಲ್ಲಿ ಹಸುವಿನ ಸ್ಥಾನದ ಬಗ್ಗೆ ಬರೆದಿದ್ದರು. ಅಂದರೆ ಅಗೆಯುವವರ ನಡುವೆ ಇದು ಗುಟ್ಟಿನ ವಿಷಯವಾಗಿರಲಿಲ್ಲ. ಗುಟ್ಟು ರಟ್ಟು ಮಾಡಿದಂತೆ ಕುಣಿದವರು ನಾವು.

ಮೂಳೆ ಓದುವುದು ಎಂದರೇನು? ನಮ್ಮ ಮಾಮೂ ಬಳ್ಳಾರಿಯಲ್ಲಿ ಮಟನ್ ಅಂಗಡಿ ಇಟ್ಟಿದ್ದವರು. ಬಕ್ರೀದಿನ ಸಂತೆಗೆ ನಮ್ಮನ್ನು ಕರೆದುಕೊಂಡು ಹೋದರೆ ಮೊದಲ ಕೆಲಸ ಆಡಿನ ತುಟಿ ಬಿಡಿಸಿ ನೋಡುವುದು. ‘ದೋ ದಾಂತ್ ಹೈ ಕ್ಯಾ ದೇಖ್ ರೇ’ ಎನ್ನುತ್ತಿದ್ದರು. ವರ್ಷ ತುಂಬದ ಆಡು ಕುರ್ಬಾನಿಗೆ ಆಗದು. ಮಾರುವವನು ಪ್ರಮಾಣ ಮಾಡಿ ಹೇಳಿದರೂ ಹಲ್ಲು ಹೇಳುವುದೇ ಕೊನೆಯ ಮಾತು. ಅದೇ ಸಂತೆಯ ಇನ್ನೊಂದು ಮಗ್ಗುಲಲ್ಲಿ ರೈತರು ಎತ್ತುಗಳ ಬಾಯಿ ಬಿಡಿಸುತ್ತಿದ್ದರು. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು ಎಂದು ಅಲ್ಲಿಯೂ ವಯಸ್ಸಿನ ಲೆಕ್ಕ. ಪುರಾತತ್ವದ ಪ್ರಯೋಗಾಲಯದಲ್ಲಿ ಮೇಜಿನ ಮೇಲೆ ದವಡೆ ಇಟ್ಟುಕೊಂಡು ಕೂತವರು ಮಾಡುವುದೂ ಇದನ್ನೇ. ಯಾವ ಹಲ್ಲು ಮೂಡಿದೆ, ಎಷ್ಟು ಸವೆದಿದೆ ಎಂದು ನೋಡುತ್ತಾರೆ. ಕೈಕಾಲಿನ ಉದ್ದ ಮೂಳೆಗಳ ತುದಿ ಎಳೆಯ ಪ್ರಾಣಿಯಲ್ಲಿ ಬೇರೆಯಾಗಿದ್ದು, ಬೆಳೆದಂತೆ ಬೆಸೆದುಕೊಳ್ಳುತ್ತದೆ. ಒಂದೊಂದು ಮೂಳೆಗೆ ಬೆಸೆಯುವ ವಯಸ್ಸು ಒಂದೊಂದು. ಬೆಸೆದಿದೆಯೋ ಇಲ್ಲವೋ ಎಂಬುದರಿಂದ ಪ್ರಾಣಿ ಸತ್ತ ವಯಸ್ಸು ಅಂದಾಜಿಗೆ ಸಿಗುತ್ತದೆ.

ವಯಸ್ಸು ಸಿಕ್ಕರೆ ಕೊಟ್ಟಿಗೆಯ ಸಂಸಾರವೇ ತೆರೆದುಕೊಳ್ಳುತ್ತದೆ. ಗಂಡುಕರುಗಳು ಎಳೆಯದರಲ್ಲಿಯೇ ಹೋಗಿ, ಹೆಣ್ಣುಗಳು ಮುದಿಯಾಗುವವರೆಗೆ ಉಳಿದಿದ್ದರೆ ಆ ಮಂದೆ ಹಾಲಿಗಾಗಿ ಸಾಕಿದ್ದು. ಗಂಡುಗಳೂ ಮುದಿಯಾಗಿ, ಗೊರಸಿನ ಮೇಲಿನ ಮೂಳೆಗಳು ಅಗಲವಾಗಿ ಗಂಟುಗಟ್ಟಿದ್ದರೆ ಅವು ನೊಗ ಹೊತ್ತವು, ಭಾರ ಎಳೆದವು. ಮೈ ತುಂಬಿಕೊಂಡ ಹರೆಯದಲ್ಲಿಯೇ ಹೆಚ್ಚಿನವು ಸತ್ತಿದ್ದರೆ ಮಾಂಸದ ಲೆಕ್ಕ. ಒಂದೇ ಊರಿನ ಮಂದೆಯಲ್ಲಿ ಈ ಮೂರೂ ಬೆರೆತಿರುವುದು ಸಾಮಾನ್ಯ.

ಮಾಮೂ ಹೇಳುತ್ತಿದ್ದ ಇನ್ನೊಂದು ಮಾತು ನೆನಪಿದೆ. ರಾನ್, ದಸ್ತಿ, ಸೀನಾ, ಗರ್ದನ್ ಎಂದು ಬಿಡಿಸುವಾಗ ಕತ್ತಿ ಸಂದಿನಲ್ಲಿ ಇಳಿಯಬೇಕು, ಮೂಳೆಗೆ ತಾಗಬಾರದು. ಪುರಾತತ್ವದವರು ಸಂದಿನ ಬಳಿಯ ಗೀರು, ಚರ್ಮ ಸುಲಿಯುವಾಗ ಗೊರಸಿನ ಹತ್ತಿರ ಬೀಳುವ ಗೀರು, ಮಾಂಸ ಬಿಡಿಸುವಾಗ ಉದ್ದಕ್ಕೆ ಬೀಳುವ ಗೀರು ಎಂದು ವಿಂಗಡಿಸುತ್ತಾರೆ. ನಲ್ಲಿ ಒಡೆದು ಮಜ್ಜೆ ತೆಗೆದ ಮೂಳೆಯ ಅಂಚಿಗೂ, ನಾಲ್ಕು ಸಾವಿರ ವರ್ಷ ಮಣ್ಣಿನಲ್ಲಿದ್ದು ಒಣಗಿ ಮುರಿದ ಮೂಳೆಯ ಅಂಚಿಗೂ ವ್ಯತ್ಯಾಸ ಇದೆ. ಹಸಿ ಮೂಳೆ ಸೀಳುವ ಬಗೆ ಬೇರೆ, ಒಣಮೂಳೆ ತುಂಡಾಗುವ ಬಗೆ ಬೇರೆ. ನಾಯಿ ಕಡಿದ ಗುರುತು ಬೇರೆ. ಕಪ್ಪಾದ ಮಾತ್ರಕ್ಕೆ ಅದು ಬೆಂದ ಮಾಂಸದ ಮೂಳೆ ಎಂದು ಹೇಳಲು ಬಾರದು, ತಿಂದು ಎಸೆದದ್ದು ಒಲೆಗೆ ಬಿದ್ದೂ ಕಪ್ಪಾಗಿರಬಹುದು. ನಾವು ಜೆರಾಕ್ಸ್ ಕಟ್ಟು ಬೀಸುತ್ತಿದ್ದ ಕಾಲದಲ್ಲಿ ಇಂಥ ಒಂದು ಅನುಮಾನವೂ ನಮ್ಮ ಹತ್ತಿರ ಸುಳಿದಿರಲಿಲ್ಲ.

‘ದನದ ಮೂಳೆಗಳೇ ಎಲ್ಲಕ್ಕಿಂತ ಹೆಚ್ಚು’ ಎಂಬ ವಾಕ್ಯ ನಮಗೆ ಬಹಳ ಪ್ರಿಯವಾಗಿತ್ತು. ಹೆಚ್ಚು ಎಂದರೆ ಎಣಿಸಿದ್ದು ಹೇಗೆ? ಒಂದು ಎತ್ತಿನ ಅಸ್ಥಿಪಂಜರ ನೂರು ಚೂರಾಗಿ ಬಿದ್ದಿದ್ದರೆ ನೂರು ಎತ್ತು ಅಲ್ಲ. ಅದಕ್ಕಾಗಿ ಒಂದೇ ಬದಿಯ ಒಂದೇ ಮೂಳೆಯನ್ನು ಹಿಡಿದು ಎಣಿಸಿ, ಕನಿಷ್ಠ ಎಷ್ಟು ಪ್ರಾಣಿಗಳಿದ್ದವು ಎಂದು ಬೇರೆ ಲೆಕ್ಕ ಹಾಕುತ್ತಾರೆ. ಹಿಂದಿನ ಕಾಲದ ಅಗೆತಗಳಲ್ಲಿ ಮಣ್ಣನ್ನು ಜರಡಿ ಹಿಡಿಯುತ್ತಿದ್ದುದು ಕಡಿಮೆ. ಕೈಗೆ ಸಿಕ್ಕಿದ್ದನ್ನು ಎತ್ತಿಡುತ್ತಿದ್ದರು. ಕೈಗೆ ಸಿಗುವುದು ದೊಡ್ಡ ಮೂಳೆ. ಮೀನಿನ ಮುಳ್ಳು, ಹಕ್ಕಿಯ ಎಲುಬು, ಇಲಿಯ ಹಲ್ಲು ಮಣ್ಣಿನೊಂದಿಗೇ ಹೊರಗೆ ಹೋದವು. ಆದ್ದರಿಂದ ಹಳೆಯ ವರದಿಗಳಲ್ಲಿ ದೊಡ್ಡ ಪ್ರಾಣಿಗಳ ಪಾಲು ನಿಜಕ್ಕಿಂತ ಸ್ವಲ್ಪ ಉಬ್ಬಿರುತ್ತದೆ. ಜರಡಿ ಹಿಡಿದ ಮೇಲೂ ಅನೇಕ ನೆಲೆಗಳಲ್ಲಿ ದನದ ಪಾಲು ದೊಡ್ಡದಾಗಿಯೇ ಉಳಿದಿದೆ. ಆದರೆ ಪಾಲು ಕೇಳುವ ಮೊದಲು ಜರಡಿಯ ಕಣ್ಣು ಎಷ್ಟಿತ್ತು ಎಂದು ಕೇಳಬೇಕಾದದ್ದು ಲೆಕ್ಕದ ಪ್ರಾಮಾಣಿಕತೆ.

ಹೆಸರಿನ ವಿಷಯವೂ ಅಷ್ಟು ಸಲೀಸಲ್ಲ. ಆಡು ಮತ್ತು ಕುರಿ ಹೊಲದಲ್ಲಿ ನಿಂತಾಗ ಮಗುವಿಗೂ ಗೊತ್ತಾಗುತ್ತವೆ. ಮೂಳೆಯ ಚೂರಾದ ಮೇಲೆ ಪಂಡಿತರಿಗೂ ಗೊತ್ತಾಗುವುದಿಲ್ಲ. ‘ಕುರಿ ಅಥವಾ ಆಡು’ ಎಂದು ಒಟ್ಟಿಗೆ ಬರೆದು ಮುಂದೆ ಹೋಗುತ್ತಾರೆ. ದನ ಮತ್ತು ಎಮ್ಮೆಯ ಚೂರುಗಳಲ್ಲಿಯೂ ಇದೇ ತೊಡಕು. ಡುಬ್ಬವಿರುವ ನಮ್ಮ ನಾಡದನವಾದರೆ ಬೆನ್ನೆಲುಬಿನ ಮೇಲಿನ ಮುಳ್ಳು ತುದಿಯಲ್ಲಿ ಕವಲೊಡೆದಿರುತ್ತದೆ. ಆ ಮುಳ್ಳು ಸಿಕ್ಕರೆ ಸರಿ. ಸಿಗದಿದ್ದರೆ ದೊಡ್ಡ ಪ್ರಾಣಿ, ಚಿಕ್ಕ ಪ್ರಾಣಿ ಎಂದಷ್ಟೇ ಬರೆಯುತ್ತಾರೆ. ಇದನ್ನು ಓದಿದಾಗ ನಮಗೆ ನಗು ಬಂತು. ನಮ್ಮ ದಖನಿ ಮಾತಿನಲ್ಲಿ ‘ಬಡೇ ಕಾ’, ‘ಛೋಟೇ ಕಾ’ ಎನ್ನುವುದು ಇದನ್ನೇ ತಾನೆ! ದಾದಿಯ ಅಡುಗೆಮನೆ ಮತ್ತು ಪುಣೆಯ ಪ್ರಯೋಗಾಲಯ ಎರಡೂ ಒಂದೇ ವರ್ಗೀಕರಣಕ್ಕೆ ಬಂದು ನಿಂತಿವೆ. ಇನ್ನು ಚೂರಿನ ಮೇಲೆ ಹಸುವೋ ಹೋರಿಯೋ ಎತ್ತೋ ಎಂದು ಹೇಳುವುದು ಬಹಳ ಸಲ ಆಗದ ಮಾತು. ‘ಹಸು ತಿಂದರು’, ‘ಹಸು ತಿನ್ನಲಿಲ್ಲ’ ಎಂದು ಕೂಗಾಡುವ ಎರಡೂ ಕಡೆಯವರು ಮೂಳೆಯ ಬಳಿಗೆ ಬಂದರೆ, ಅದು ಅನೇಕ ಸಲ ಕೊಡುವ ಉತ್ತರ ‘ದನ’ ಎಂಬಷ್ಟೇ.

ಈಗ ಹಳ್ಳೂರಿಗೆ ಬರೋಣ. ತುಂಗಭದ್ರೆಯ ದಡದ ಈ ಊರು ಈಗ ಹಾವೇರಿ ಜಿಲ್ಲೆಯಲ್ಲಿದೆ, ಆಗ ಧಾರವಾಡ ಜಿಲ್ಲೆಯಲ್ಲಿತ್ತು. 1965ರಲ್ಲಿ ನಾಗರಾಜರಾವ್ ಅಲ್ಲಿ ಅಗೆದರು. ನವಶಿಲಾಯುಗದಿಂದ ಕಬ್ಬಿಣದ ಕಾಲಕ್ಕೆ ಊರು ಹೊರಳಿದ ಗುರುತು ಅಲ್ಲಿನ ಪದರಗಳಲ್ಲಿ ಸಿಕ್ಕಿತು. ಮೂಳೆಗಳು ಆಲೂರರ ಮೇಜಿಗೆ ಬಂದವು. ಅವರು ಬದುಕಿನುದ್ದಕ್ಕೂ ಜೀವಂತ ದನಕರುಗಳ ಕಾಲು, ಬಾಯಿ ಮುಟ್ಟಿ ನೋಡಿದ ವೈದ್ಯರು. ದನ, ಕುರಿ, ಆಡುಗಳ ಮೂಳೆಗಳ ಜೊತೆಗೆ ಕುದುರೆಯ ಕೆಲವು ಮೂಳೆಗಳನ್ನೂ ಗುರುತಿಸಿ ವರದಿ ಮಾಡಿದರು. ಆ ಪದರಗಳ ಕಾಲ ಕ್ರಿ.ಪೂ. ಎರಡನೆಯ ಸಹಸ್ರಮಾನದ್ದು. ಗದ್ದಲ ಎದ್ದದ್ದು ಇಲ್ಲಿಯೇ. ಕುದುರೆಯನ್ನು ತಂದವರು ಆರ್ಯರು, ಅವರು ಬಂದದ್ದು ಇಂಥ ಕಾಲಕ್ಕೆ, ದಕ್ಷಿಣಕ್ಕೆ ತಲುಪಿದ್ದು ಇನ್ನೂ ತಡವಾಗಿ ಎಂದು ಬರೆದಿಟ್ಟ ಲೆಕ್ಕಕ್ಕೆ ಈ ಮೂಳೆ ಒಪ್ಪಲಿಲ್ಲ. ಪಶುವೈದ್ಯರನ್ನೇ ಪ್ರಶ್ನಿಸಲಾಯಿತು. ಮುಂದೆ ಮತ್ತೆ ಅಗೆದಾಗಲೂ ಕುದುರೆಯ ಮೂಳೆ ಸಿಕ್ಕಿತು. ಸುಮಾರು ಇಪ್ಪತ್ತು ವರ್ಷಗಳ ನಂತರ, 1992ರಲ್ಲಿ, ಆಲೂರರು ಆ ವಿಷಯಕ್ಕೆ ಮರಳಿ, ಯಾರ ಸಿದ್ಧಾಂತಕ್ಕೆ ಏನಾದರೂ ಆಗಲಿ, ತಾವು ಕಂಡದ್ದು ಕುದುರೆಯೇ ಎಂಬ ಮಾತಿಗೆ ಅಂಟಿಕೊಂಡರು.

ಇಲ್ಲಿ ನಮ್ಮನ್ನು ನಾವೇ ಹಿಡಿದುಕೊಳ್ಳಬೇಕಾದ ಜಾಗ ಇದೆ. ಹಳ್ಳೂರಿನ ದನದ ಮೂಳೆ ಗುರುತಿಸಿದ ಕೈ, ಕುದುರೆಯ ಮೂಳೆ ಗುರುತಿಸಿದ ಕೈ ಒಂದೇ. ಗುಂಡಿ ಒಂದೇ, ಅಳತೆಗೋಲು ಒಂದೇ, ವರದಿ ಒಂದೇ. ಪ್ರಗತಿಪರರೆಂದು ಕರೆಸಿಕೊಂಡ ನಾವು ದನದ ಮೂಳೆಗೆ ಒಂದೂ ಪ್ರಶ್ನೆ ಕೇಳದೆ ಸಹಿ ಹಾಕಿದೆವು. ಕುದುರೆಯ ಮೂಳೆಗೆ ನೂರು ಪ್ರಶ್ನೆ: ಇಲಿಯ ಬಿಲದಿಂದ ಕೆಳಗೆ ಜಾರಿರಬಹುದಲ್ಲ, ಪದರ ಕಲಸಿರಬಹುದಲ್ಲ, ಕತ್ತೆಯದಿರಬಹುದಲ್ಲ. ಆ ಕಡೆಯವರು ಇದನ್ನೇ ತಿರುವಿ ಹಾಕಿದರು. ಕುದುರೆಯ ಮೂಳೆ ಅವರಿಗೆ ಅಪ್ಪಟ ವಿಜ್ಞಾನ. ದನದ ಮೂಳೆಯ ಮೇಲಿನ ಗೀರು ಪಾಶ್ಚಾತ್ಯರ ಕುತಂತ್ರ. ಪ್ರಶ್ನೆಗಳು ತಪ್ಪಲ್ಲ. ಕುದುರೆಯ ಮೂಳೆ ಬೆರಳೆಣಿಕೆಯಷ್ಟು ಇದ್ದಾಗ ಆ ಮೂಳೆಯನ್ನೇ ಕಾಲನಿರ್ಣಯಕ್ಕೆ ಒಡ್ಡಬೇಕು ಎನ್ನುವುದು ನ್ಯಾಯವಾದ ಬೇಡಿಕೆ. ನಮ್ಮ ಬಿಸಿಲಿನ ನೆಲದಲ್ಲಿ ಮೂಳೆಯೊಳಗಿನ ಕೊಲಾಜನ್ ಉಳಿಯುವುದು ಕಷ್ಟವಾದ್ದರಿಂದ ಆ ಬೇಡಿಕೆ ಪೂರೈಸುವುದು ಸುಲಭವಲ್ಲ. ಆದರೆ ಅದೇ ಪ್ರಶ್ನೆಯನ್ನು ಪಕ್ಕದ ಮೂಳೆಗೂ ಕೇಳುವ ಮನಸ್ಸು ಯಾರಿಗೂ ಬರಲಿಲ್ಲ.

ಕಚ್ಛಿನ ಸುರ್ಕೋಟಡಾದ ಕತೆಯೂ ಹೀಗೆಯೇ. ಅಲ್ಲಿನ ಹರಪ್ಪಾ ಕಾಲದ ಪದರಗಳಲ್ಲಿ ಕುದುರೆಯಿದೆ ಎಂದು 1974ರಲ್ಲಿ ಎ. ಕೆ. ಶರ್ಮಾ ಹೇಳಿದರು. ಹಂಗೇರಿಯ ಸಾಂಡೋರ್ ಬೋಕೋನಿ 1990ರ ದಶಕದ ಆರಂಭದಲ್ಲಿ ನೋಡಿ ಹೌದೆಂದರು. ಅವರು ತೀರಿಕೊಂಡ ಮೇಲೆ 1997ರಲ್ಲಿ ಅಮೆರಿಕದ ರಿಚರ್ಡ್ ಮೆಡೋ ಮತ್ತು ಅಜಿತಾ ಪಟೇಲ್ ಅದೇ ಮೂಳೆಗಳ ಬಗ್ಗೆ ಅನುಮಾನ ತೋರಿದರು. ಕಚ್ಛಿನ ರಣದಲ್ಲಿ ಕಾಡುಕತ್ತೆಗಳು ಇಂದಿಗೂ ಓಡಾಡುತ್ತವೆ. ಹಲ್ಲಿನ ಮೇಲಿನ ಎನಾಮಲ್ ಮಡಿಕೆ, ಗೊರಸಿನ ಮೇಲಿನ ಮೂಳೆಯ ಅಗಲ ಇಂಥ ಸೂಕ್ಷ್ಮಗಳ ಮೇಲೆ ಕುದುರೆ, ಕತ್ತೆ ಬೇರೆಯಾಗಬೇಕು. ನಾಲ್ವರೂ ತಿಳಿದವರೇ, ಜಗಳ ಮಿಲಿಮೀಟರುಗಳಲ್ಲಿ ನಡೆದದ್ದು. ಅದು ಗೌರವದ ಜಗಳ. ಗೌರವ ಇಲ್ಲದ್ದನ್ನೂ ಆ ಕಾಲದಲ್ಲಿ ಕಂಡೆವು: ನಮ್ಮ ಬೆಂಗಳೂರಿನ ಎನ್. ಎಸ್. ರಾಜಾರಾಮ್ ಮತ್ತು ನಟವರ್ ಝಾ 2000ದಲ್ಲಿ ಹೊರತಂದ ಪುಸ್ತಕದಲ್ಲಿ ಸಿಂಧೂ ಮುದ್ರೆಯ ಮುರಿದ ತುಂಡೊಂದು ಕಂಪ್ಯೂಟರಿನ ನೆರವಿನಿಂದ ಕುದುರೆಯಾಗಿತ್ತು. ಅದೇ ವರ್ಷದ ಅಕ್ಟೋಬರಿನ ‘ಫ್ರಂಟ್‌ಲೈನ್’ ಪತ್ರಿಕೆಯಲ್ಲಿ ಮೈಕೆಲ್ ವಿಟ್ಜೆಲ್ ಮತ್ತು ಸ್ಟೀವ್ ಫಾರ್ಮರ್ ಅದನ್ನು ಬಯಲು ಮಾಡಿದರು. ಆ ಬಯಲು ಮಾಡಿದ್ದರ ಸಂತೋಷದಲ್ಲಿ ನಾವು ಹಳ್ಳೂರಿನ ಆಲೂರರನ್ನೂ ಅದೇ ಮೂಟೆಗೆ ಕಟ್ಟಿ ಎಸೆದೆವು. ಅದು ಅನ್ಯಾಯ. ಮುರಿದ ಮುದ್ರೆಯನ್ನು ತಿದ್ದಿ ಕುದುರೆ ಮಾಡುವುದಕ್ಕೂ, ಮೂಳೆ ಮುಂದಿಟ್ಟುಕೊಂಡು ತನಗೆ ಕಂಡದ್ದನ್ನು ಬರೆಯುವುದಕ್ಕೂ ಅಜಗಜಾಂತರ.

ಈಗ ಅಂದಿನ ಆತಂಕವೂ ಅಷ್ಟು ಉಳಿದಿಲ್ಲ. ಪ್ರಾಚೀನ ಕುದುರೆಗಳ ಡಿಎನ್‌ಎ ಕುರಿತು 2021ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ, ಇಂದಿನ ಸಾಕುಕುದುರೆಗಳ ಮೂಲ ವೋಲ್ಗಾ ಮತ್ತು ಡಾನ್ ನದಿಗಳ ಕೆಳಗಿನ ಹುಲ್ಲುಗಾವಲು, ಅವು ಸುಮಾರು ಕ್ರಿ.ಪೂ. 2000ದ ನಂತರ ವೇಗವಾಗಿ ಹರಡಿದವು ಎಂದು ತೋರಿಸಿತು. ಹಾಗಾದರೆ ಕ್ರಿ.ಪೂ. ಎರಡನೆಯ ಸಹಸ್ರಮಾನದ ಮಧ್ಯದಲ್ಲಿ ತುಂಗಭದ್ರೆಯ ದಡಕ್ಕೆ ಒಂದೆರಡು ಕುದುರೆ ಬಂದಿದ್ದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಆರ್ಯರು ಇಲ್ಲಿಯವರೇ ಎಂದೂ ಅದರಿಂದ ಸಾಬೀತಾಗುವುದಿಲ್ಲ.

ಬಳ್ಳಾರಿಯಿಂದ ಹೊಸಪೇಟೆಗೆ ಬಸ್ಸಿನಲ್ಲಿ ಹೋಗುವಾಗ ಕುಡತಿನಿಯ ಹತ್ತಿರ ಮಾಮೂ ಕೈ ತೋರಿಸಿ, ಅಲ್ಲಿ ರಾಕ್ಷಸರ ಬೂದಿ ಇದೆ ಎನ್ನುತ್ತಿದ್ದರು. ಹಂಪಿಯ ಹತ್ತಿರದ ನಿಂಬಾಪುರದ ದಿಬ್ಬ ವಾಲಿಯನ್ನು ಸುಟ್ಟ ಬೂದಿಯೆಂದು ಜನ ನಂಬಿದ್ದಾರೆ. ಬಳ್ಳಾರಿ, ರಾಯಚೂರು, ಕಲಬುರಗಿ ಸೀಮೆ ಮತ್ತು ಪಕ್ಕದ ತೆಲುಗು ನಾಡಿನಲ್ಲಿ ಇಂಥ ಬೂದಿದಿಬ್ಬಗಳು ನೂರಕ್ಕೂ ಹೆಚ್ಚು ಇವೆ. ಜ್ವಾಲಾಮುಖಿ, ಇಟ್ಟಿಗೆಗೂಡು, ಕಬ್ಬಿಣದ ಕುಲುಮೆ, ಯುದ್ಧದಲ್ಲಿ ಸತ್ತವರ ಸಾಮೂಹಿಕ ಚಿತೆ ಎಂದೆಲ್ಲ ಊಹೆ ನಡೆದು, ಕೊನೆಗೆ ಅದು ಸುಟ್ಟ ಸಗಣಿ ಎಂದು ನಿಶ್ಚಯವಾಯಿತು. ರಾಬರ್ಟ್ ಬ್ರೂಸ್ ಫೂಟ್ ಮೊದಲೇ ಆ ಕಡೆಗೆ ಬೆರಳು ಮಾಡಿದ್ದರು. ಆಲ್ಚಿನ್ 1957ರಲ್ಲಿ, ಈಗ ತೆಲಂಗಾಣದಲ್ಲಿರುವ ಉಟ್ನೂರಿನಲ್ಲಿ ಅಗೆದಾಗ ದೊಡ್ಡಿಯ ಬೇಲಿಯ ಗೂಟಗಳ ಕುಳಿಗಳು ಸಿಕ್ಕವು. ಬೂದಿಯ ಪದರದಲ್ಲಿ ದನದ ಗೊರಸಿನ ಅಚ್ಚುಗಳು ಸಿಕ್ಕವು. ನಾಲ್ಕು ಸಾವಿರ ವರ್ಷಗಳ ಹಿಂದೆ ಯಾವುದೋ ಬೆಳಗ್ಗೆ ದೊಡ್ಡಿಯೊಳಗೆ ಓಡಾಡಿದ ದನದ ಹೆಜ್ಜೆ ಅದು. ಆಲ್ಚಿನ್‌ರ ಗ್ರಂಥದಲ್ಲಿ ನಮಗೆ ಬಹಳ ಹಿಡಿಸಿದ್ದು ಅವರ ಕೊನೆಯ ಭಾಗ. ಆ ಸಗಣಿಯ ರಾಶಿಗೆ ಬೆಂಕಿ ಇಟ್ಟದ್ದು ಆಕಸ್ಮಿಕವಲ್ಲ, ಋತುವಿನ ಹಬ್ಬವಾಗಿರಬೇಕು ಎಂದು ಅವರು ನಮ್ಮ ಹೋಳಿ, ದೀಪಾವಳಿ, ಪೊಂಗಲ್‌ಗಳ ಬೆಂಕಿಯ ಕಡೆಗೆ ತಿರುಗುತ್ತಾರೆ. ಹಳೆ ಮೈಸೂರಿನ ಹಳ್ಳಿಗಳಲ್ಲಿ ಸಂಕ್ರಾಂತಿಯ ಸಂಜೆ ದನಗಳನ್ನು ಕಿಚ್ಚು ಹಾಯಿಸುವುದನ್ನು ಕಂಡವರಿಗೆ ಈ ಮಾತು ದೂರದ್ದು ಅನ್ನಿಸುವುದಿಲ್ಲ.

ಇನ್ನು ಬೂದಿಹಾಳ. ಹೆಸರಿನಲ್ಲಿಯೇ ಬೂದಿ ಇದೆ. ಸುರಪುರ ಸೀಮೆಯ ಈ ನೆಲೆಯನ್ನು 1990ರ ದಶಕದಲ್ಲಿ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅಗೆದರು. ದಿಬ್ಬದಷ್ಟನ್ನೇ ಸೀಳಿ ನೋಡುವ ಹಳೆಯ ಪದ್ಧತಿ ಬಿಟ್ಟು ಸುತ್ತಲಿನ ನೆಲವನ್ನೂ ಹರಡಿ ಅಗೆದದ್ದು ಅವರ ಹೆಚ್ಚುಗಾರಿಕೆ. ಜನ ವಾಸವಿದ್ದ ಜಾಗ, ದನ ಕೂಡುತ್ತಿದ್ದ ದೊಡ್ಡಿ, ಸಗಣಿ ಒಟ್ಟಿ ಸುಟ್ಟ ದಿಬ್ಬ, ಅದರ ಜೊತೆಗೇ ದನ ಕಡಿಯುತ್ತಿದ್ದ ಕಣ. ಆ ಕಣದಲ್ಲಿ ದನದ ಮೂಳೆಗಳೂ ಕಡಿಯುವ ಕಲ್ಲಿನ ಆಯುಧಗಳೂ ಒಟ್ಟಿಗೆ ಬಿದ್ದಿದ್ದವು. ಇವೆಲ್ಲ ಕೂಗಿದರೆ ಕೇಳಿಸುವಷ್ಟು ಹತ್ತಿರ ಹತ್ತಿರ. ಪೀಟರ್ ಜೊಹಾನ್ಸನ್‌ರಂಥವರು ಮುಂದೆ, 2004ರಲ್ಲಿ, ಈ ದಿಬ್ಬಗಳು ಕಸದ ರಾಶಿಯಲ್ಲ, ಬೇಕೆಂದೇ ಎತ್ತರಿಸಿ ಕಟ್ಟಿದ ಸ್ಮಾರಕಗಳು ಎಂದು ವಾದಿಸಿದರು. ಒಪ್ಪದವರೂ ಇದ್ದಾರೆ. ಆದರೆ ಸಗಣಿಯನ್ನು ಅಷ್ಟು ಎತ್ತರಕ್ಕೆ ಒಟ್ಟಿ, ಮತ್ತೆ ಮತ್ತೆ ಬೆಂಕಿ ಇಟ್ಟವರಿಗೆ ದನವೆಂದರೆ ಬರೀ ಮಾಂಸವಾಗಿರಲಿಲ್ಲ ಎಂಬುದು ಎದ್ದು ಕಾಣುತ್ತದೆ. ಸಂಗನಕಲ್ಲು, ಕುಪ್ಪಗಲ್ಲಿನ ಬಂಡೆಗಳ ಮೇಲೆ ಕಲ್ಲಿನಿಂದ ಕುಟ್ಟಿ ಕುಟ್ಟಿ ಮೂಡಿಸಿದ ಉದ್ದ ಕೋಡಿನ ಗೂಳಿಗಳನ್ನು ನೋಡಿದರೆ ಇದು ಇನ್ನೂ ನಿಚ್ಚಳವಾಗುತ್ತದೆ. ಅದೇ ಜನ ಆ ಕಣದಲ್ಲಿ ದನ ಕಡಿದರು.

ಝಾ ಅವರ ಪುಸ್ತಕದ ಬಗ್ಗೆ ನಮ್ಮ ಮುಖ್ಯ ತಕರಾರು ಇಲ್ಲಿದೆ. ಹಸು ಪವಿತ್ರವೆಂಬುದು ಮಿಥ್ಯೆ, ಏಕೆಂದರ ತಿಂದಿದ್ದಾರೆ ಎಂಬ ವಾದ, ಹಸು ಪವಿತ್ರ, ಆದ್ದರಿಂದ ತಿಂದಿರಲಾರರು ಎಂಬ ವಾದದ ಕನ್ನಡಿಯ ಬಿಂಬ. ಪೂಜಿಸಿದ್ದನ್ನು ತಿನ್ನುವುದಿಲ್ಲ, ತಿಂದದ್ದನ್ನು ಪೂಜಿಸುವುದಿಲ್ಲ ಎಂಬ ಒಂದೇ ನಂಬಿಕೆ ಎರಡರ ತಳದಲ್ಲಿಯೂ ಇದೆ. ಸಂಸ್ಕೃತ ಗ್ರಂಥಗಳಲ್ಲಿಯೇ ಈ ಎರಡೂ ಬೆರೆತಿರುವುದನ್ನು ಝಾ ಕಾಣದವರೇನಲ್ಲ, ಒಳಪುಟಗಳಲ್ಲಿ ಅದನ್ನು ಬಿಡಿಸಿ ಹೇಳುತ್ತಾರೆ ಕೂಡ. ಆದರೆ ಪುಸ್ತಕದ ಹೆಸರು, ಅದರ ಸುತ್ತ ಎದ್ದ ಗದ್ದಲ ಮತ್ತು ನಮ್ಮಂಥ ಓದುಗರ ಅವಸರ ಸೇರಿ ಅದನ್ನು ಒಂದು ಹೌದು-ಅಲ್ಲದ ಜಗಳಕ್ಕೆ ಇಳಿಸಿದವು. ಬೂದಿಹಾಳದವರು ವೇದ ಕೇಳಿದವರಲ್ಲ. ಅವರು ಮಾಡಿದ್ದನ್ನು ಅಳೆಯಲು ಋಗ್ವೇದದ ಸೂಕ್ತವೂ ಬೇಡ, ಅದನ್ನು ಅಲ್ಲಗಳೆಯುವ ಧರ್ಮಸೂತ್ರವೂ ಬೇಡ. ಕನ್ನಡ ನೆಲದ ದನದ ಕತೆಯನ್ನು ಗಂಗಾ ಬಯಲಿನ ಗ್ರಂಥಗಳಲ್ಲಿ ಹುಡುಕುವ ನಮ್ಮ ಅಭ್ಯಾಸವನ್ನು ಪರ ಮತ್ತು ವಿರೋಧ ಎರಡೂ ಕಡೆಯವರು ಇನ್ನೂ ಬಿಟ್ಟಿಲ್ಲ.

ಉರ್ದು ಶಾಲೆಯಲ್ಲಿ ನಾವು ಇಸ್ಮಾಯಿಲ್ ಮೇರಠಿಯವರ ‘ಹಮಾರಿ ಗಾಯ್’ ಕಂಠಪಾಠ ಮಾಡಿದೆವು. ಹಸುವನ್ನು ಕೊಟ್ಟದ್ದಕ್ಕೆ ಖುದಾನಿಗೆ ಕೃತಜ್ಞತೆ ಹೇಳುವ ಪದ್ಯ ಅದು. ಆಮೇಲೆ ಕನ್ನಡ ಮಾಧ್ಯಮಕ್ಕೆ ಬಂದಾಗ ‘ಗೋವಿನ ಹಾಡು’ ಬಂತು, ಪುಣ್ಯಕೋಟಿಗಾಗಿ ಅತ್ತೆವು. ಮನೆಯಲ್ಲಿ ‘ಬಡೇ ಕಾ’ ಬೇಯುತ್ತಿದ್ದ ದಿನಗಳೂ ಇದ್ದವು. ಬಕ್ರೀದಿಗೆ ತಿಂಗಳ ಮೊದಲೇ ತಂದ ಆಡಿಗೆ ಸೊಪ್ಪು ತಿನ್ನಿಸಿ, ಹೆಸರಿಟ್ಟು, ಹಬ್ಬದ ದಿನ ಮಂಚದ ಕೆಳಗೆ ಅವಿತು ಅತ್ತು, ಮಧ್ಯಾಹ್ನ ಅದರದೇ ಕಲೀಜಿ ತಿಂದವರು ನಾವು. ಈ ಬೆರಕೆಯನ್ನು ವಾದ ಮಾಡಿ ಯಾರಿಗೂ ಒಪ್ಪಿಸಲು ಬರುವುದಿಲ್ಲ. ನಮ್ಮ ಕತೆಗಳಲ್ಲಿಯೂ ಇದನ್ನು ಬರೆಯಲು ಹಿಂಜರಿದಿದ್ದೇವೆ. ಬೂದಿಹಾಳದ ದೊಡ್ಡಿ ಮತ್ತು ಕಣದ ನಕ್ಷೆಯನ್ನು ನೋಡಿದಾಗ ಮಾತ್ರ ಎಲ್ಲೋ ಕಂಡ ಮನೆಯ ಅಂಗಳದಂತೆ ಅನ್ನಿಸಿತು.

2015ರ ಸೆಪ್ಟೆಂಬರ್ 28ರ ರಾತ್ರಿ ಉತ್ತರ ಪ್ರದೇಶದ ದಾದ್ರಿಯ ಹತ್ತಿರ ಬಿಸಾಹಡಾ ಗ್ರಾಮದಲ್ಲಿ ಒಬ್ಬ ಮನುಷ್ಯನನ್ನು ಅವನ ಮನೆಯಿಂದ ಎಳೆದು ತಂದು ಜನ ಬಡಿದು ಕೊಂದರು. ಮಾಂಸದ ತುಂಡು ಪರೀಕ್ಷೆಗೆ ಹೋಯಿತು. ಮೊದಲ ವರದಿ ಆಡಿನದಿರಬೇಕು ಎಂದಿತು. ನಾವು ನಿಟ್ಟುಸಿರು ಬಿಟ್ಟೆವು, ‘ನೋಡಿ, ಮಟನ್’ ಎಂದು ಬರೆದೆವು. 2016ರಲ್ಲಿ ಹೊರಬಂದ ಮಥುರಾದ ಪ್ರಯೋಗಾಲಯದ ವರದಿ ದನದ ಜಾತಿಯದು ಎಂದಿತು. ಆಗ ನಮ್ಮ ಬಾಯಿ ಕಟ್ಟಿತು. ‘ಮಟನ್’ ಎಂದು ಬರೆದ ದಿನವೇ, ಮಟನ್ ಅಲ್ಲದಿದ್ದರೆ ಆ ಸಾವಿಗೆ ಏನೋ ಒಂದು ಸಮಜಾಯಿಷಿ ಇದೆ ಎಂಬುದಕ್ಕೆ ನಾವು ತಲೆಯಾಡಿಸಿದ್ದೆವು. ಹಸ್ತಿನಾಪುರದ ಮೂಳೆಯನ್ನು ನಮ್ಮ ಪರ ಸಾಕ್ಷಿಗೆ ಕರೆದಾಗಲೂ ನಾವು ಮಾಡಿದ್ದು ಇದನ್ನೇ. ಮೂರು ಸಾವಿರ ವರ್ಷಗಳ ಹಿಂದೆ ಗಂಗೆಯ ದಡದಲ್ಲಿ ಯಾರೂ ಒಂದು ತುಣುಕೂ ತಿಂದಿರಲಿಲ್ಲ ಎಂದು ನಾಳೆ ಯಾವುದಾದರೂ ಜರಡಿ ಹೇಳಿದರೆ? ಆಗ ಬಾಗಿಲು ಮುರಿಯಲು ಬಂದವರಿಗೆ ಹೆಚ್ಚಿನ ಹಕ್ಕು ಬರುತ್ತದೆಯೇ? ಒಬ್ಬನ ಊಟದ ತಟ್ಟೆಯ ಹಕ್ಕು, ಜೀವದ ಹಕ್ಕು ಯಾವ ಕಾಲದ ಯಾವ ಮೂಳೆಯ ಮೇಲೂ ನಿಂತಿಲ್ಲ.

ಅಧಿಕಾರಸ್ಥರಿಗೆ ಮೂಳೆಯ ಭಯ ಎಷ್ಟಿದೆ ಎಂಬುದಕ್ಕೆ ಒಂದು ಸಣ್ಣ ಪ್ರಸಂಗ. 2020ರ ಫೆಬ್ರವರಿಯಲ್ಲಿ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಆವರಣದಲ್ಲಿ ಸಿಂಧೂ ನಾಗರಿಕತೆಯ ಊಟವೆಂದು ಒಂದು ಕಾರ್ಯಕ್ರಮ ಏರ್ಪಾಡಾಗಿತ್ತು. ಪಟ್ಟಿಯಲ್ಲಿದ್ದ ಮೀನು, ಮಾಂಸವನ್ನು ಕೊನೆ ಗಳಿಗೆಯಲ್ಲಿ ತೆಗೆಸಲಾಯಿತು. ಅದೇ ವರ್ಷದ ಕೊನೆಗೆ ಹರಿಯಾಣ, ಉತ್ತರ ಪ್ರದೇಶಗಳ ಹರಪ್ಪಾ ನೆಲೆಗಳ ಮಡಕೆಗಳಲ್ಲಿ ಅಂಟಿ ಉಳಿದ ಕೊಬ್ಬನ್ನು ಪರೀಕ್ಷಿಸಿದ ಅಕ್ಷಯೇತಾ ಸೂರ್ಯನಾರಾಯಣ್ ಮತ್ತು ಸಂಗಡಿಗರ ಅಧ್ಯಯನ ಪ್ರಕಟವಾಯಿತು. ಅದರಲ್ಲಿ ಪ್ರಾಣಿಗಳ ಕೊಬ್ಬು ಇತ್ತು. ಮರುದಿನವೇ ನಮ್ಮವರ ಮೊಬೈಲುಗಳಲ್ಲಿ ‘ಹರಪ್ಪದವರು ದನ ತಿಂದರು, ಸಾಬೀತು’ ಎಂದು ಓಡಾಡಿತು. ಅಧ್ಯಯನ ಹೇಳಿದ್ದು ಅದಕ್ಕಿಂತ ಬಹಳ ಹುಷಾರಾಗಿ.

ಇಷ್ಟೆಲ್ಲ ಆದರೂ ಕನ್ನಡದಲ್ಲಿ ಈ ವಿದ್ಯೆಯ ಬಗ್ಗೆ ಸಾಮಾನ್ಯ ಓದುಗ ಕೈಗೆತ್ತಿಕೊಂಡು ಓದಬಹುದಾದ ಒಂದು ಪುಸ್ತಕ ನಮಗೆ ಸಿಗಲಿಲ್ಲ. ನಾಗರಾಜರಾವ್, ಆಲೂರ, ಪದ್ದಯ್ಯ ಎಲ್ಲರೂ ಈ ನೆಲವನ್ನು ಅಗೆದು, ಈ ನೆಲದ ಮೂಳೆಯನ್ನು ಓದಿ ಇಂಗ್ಲಿಷಿನಲ್ಲಿ ಬರೆದರು. ಬಳ್ಳಾರಿಯಲ್ಲಿ ರವಿ ಕೋರಿಶೆಟ್ಟರ್ ಅವರ ಶ್ರಮದಿಂದ ಆಗಿರುವ ರಾಬರ್ಟ್ ಬ್ರೂಸ್ ಫೂಟ್ ವಸ್ತುಸಂಗ್ರಹಾಲಯಕ್ಕೆ ಶಾಲೆಯ ಮಕ್ಕಳು ಹೋಗುತ್ತಾರೆ, ಮನೆಗೆ ಹಿಂದಿರುಗಿ ಓದಲು ಅವರಿಗೆ ಏನು ಕೊಡುತ್ತೇವೆ? ಈ ನಡುವೆ ಬೂದಿದಿಬ್ಬಗಳ ಬೂದಿ ಗೊಬ್ಬರವಾಗಿ ಹೊಲಗಳಿಗೆ ಹೋಗಿದೆ, ಕುಪ್ಪಗಲ್ಲಿನ ಗೂಳಿಗಳ ಬಂಡೆಗಳ ಸುತ್ತ ಕಲ್ಲುಗಣಿಗಾರಿಕೆ ನಡೆದಿದೆ. ಪುಸ್ತಕ ಬರೆಯುವವರಿಗೆ ಪದಗಳ ಕೊರತೆ ಇಲ್ಲ. ಹಲ್ಲಿನ ಲೆಕ್ಕ ರೈತರ ಬಾಯಲ್ಲಿದೆ, ಮಂದೆಯ ಲೆಕ್ಕ ಕುರುಬರ ಬಾಯಲ್ಲಿದೆ, ಸಂದಿನ ಲೆಕ್ಕ ಕಟುಕರ ಕೈಯಲ್ಲಿದೆ.

ಹೋದ ಬಾರಿ ಊರಿಗೆ ಹೋದಾಗ ಮಾಮೂಗೆ ಪುರಾತತ್ವದ ಪುಸ್ತಕವೊಂದರಲ್ಲಿದ್ದ ಚಿತ್ರ ತೋರಿಸಿದೆವು. ದನದ ಮೊಣಕಾಲ ಹತ್ತಿರದ ಮೂಳೆ, ಅದರ ಮೇಲೆ ಪಕ್ಕಪಕ್ಕದಲ್ಲಿ ನಾಲ್ಕು ಗೀರು. ಅಂಗಡಿ ಬಿಟ್ಟು ಎಷ್ಟೋ ವರ್ಷವಾಗಿದೆ, ಕಣ್ಣು ಮಂಜಾಗಿದೆ. ಕನ್ನಡಕ ಏರಿಸಿ, ಪುಸ್ತಕವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಎಷ್ಟು ಹಳೆಯದು ಎಂದು ಕೇಳಲಿಲ್ಲ, ಕಡಿದವರು ಯಾರ ಪೈಕಿ ಎಂದೂ ಕೇಳಲಿಲ್ಲ. ಗೀರುಗಳ ಮೇಲೆ ಬೆರಳಾಡಿಸಿ ನಕ್ಕರು. ‘ನವಾ ಛೋರಾ ಹೈ ರೇ, ಜೋಡ್ ನೈ ಮಿಲ್ಯಾ ಇಸ್ಕು.’ ಹೊಸ ಹುಡುಗ, ಸಂದು ಸಿಕ್ಕಿಲ್ಲ ಇವನಿಗೆ.